ಮೇಡಂ ಪಕ್ಕದ ತಟ್ಟೆ

ಮಕ್ಕಳಿಗೆ ಪಾಠ ಮಾಡುವುದಕ್ಕಿಂತ ಆ ಪಾಠದ ಫೋಟೋ ಮನೆಗಳಿಗೆ ಕಳಿಸುವುದು ಹೆಚ್ಚು ಸುಸ್ತಿನ ಕೆಲಸ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆ ವರ್ಷ ಈರುಳ್ಳಿ ಕೀಳುವ ಹೊತ್ತಿಗೆ ನನ್ನಲ್ಲಿ ನಗು ಉಳಿದಿರಲಿಲ್ಲ.

ನಮ್ಮದು ಅಜ್ಜಂಪುರದಿಂದ ಬುಕ್ಕಾಂಬುಧಿ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಶಿಕ್ಷಕರು ಇಬ್ಬರೇ. ಹೆಡ್‌ಮಾಸ್ಟರು ದೊಡ್ಡ ತರಗತಿಗಳನ್ನು ನೋಡಿಕೊಳ್ಳುತ್ತಾರೆ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ನನ್ನ ಕೈಯಲ್ಲಿ. ಕಡೂರಿನ ಮನೆಯಿಂದ ಹೊರಟು, ಅಜ್ಜಂಪುರದಲ್ಲಿ ಬಸ್ಸು ಬದಲಿಸಿ, ರಸ್ತೆಯಲ್ಲಿಳಿದು ನಡೆದು ಶಾಲೆ ಸೇರುವಷ್ಟರಲ್ಲಿ ನನ್ನ ಅರ್ಧ ಶಕ್ತಿ ಮುಗಿದಿರುತ್ತದೆ. ಉಳಿದರ್ಧದಲ್ಲಿ ದಿನ ತಳ್ಳಬೇಕು.

ಈ ಚಿಕ್ಕ ಮಕ್ಕಳಿಗೆ ನಲಿಕಲಿ ಪದ್ಧತಿ. ಬೆಂಚಿಲ್ಲ, ಸಾಲಿಲ್ಲ. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ದುಂಡಗೆ ಕೂರುತ್ತಾರೆ. ಒಂದೊಂದು ಗುಂಪಿಗೂ ತಟ್ಟೆ ಎಂದು ಹೆಸರು. ಕಲಿಯುವುದೆಲ್ಲ ಕಾರ್ಡುಗಳಲ್ಲಿರುತ್ತದೆ. ಹೊಸ ಕಾರ್ಡು ಎತ್ತಿಕೊಂಡ ಮಗು ನನ್ನ ಪಕ್ಕದ ತಟ್ಟೆಗೆ ಬರುತ್ತದೆ, ಅಲ್ಲಿ ನಾನು ಹೇಳಿಕೊಡುತ್ತೇನೆ. ಸ್ವಲ್ಪ ಬಂತು ಎಂದಾದರೆ ಅದರಾಚೆಯ ತಟ್ಟೆಗೆ ಹೋಗಿ ಅಭ್ಯಾಸ ಮಾಡುತ್ತದೆ. ಅಲ್ಲಿಂದ ಮುಂದೆ ಗೆಳೆಯರ ಜೊತೆ. ಕೊನೆಗೆ ಕಿಟಕಿಯ ಕೆಳಗಿನ ತಟ್ಟೆ. ಅಲ್ಲಿ ಯಾರ ಸಹಾಯವೂ ಇಲ್ಲ, ಒಬ್ಬೊಬ್ಬರೇ ಮಾಡಬೇಕು. ಅದು ಮುಗಿದರೆ ಮತ್ತೆ ಹೊಸ ಕಾರ್ಡು, ಮತ್ತೆ ನನ್ನ ಪಕ್ಕ. ಚುರುಕಾದ ಮಗುವೂ, ನಿಧಾನದ ಮಗುವೂ ಹೀಗೇ ಸುತ್ತುತ್ತಿರುತ್ತವೆ. ಒಂದು ಸುತ್ತು ಮುಗಿಸಲು ಬೇಕಾಗುವ ಹೊತ್ತು ಮಾತ್ರ ಬೇರೆ ಬೇರೆ.

ಶಾಲೆಯಿರುವ ಊರಿಗೆ ಖಾಸಗಿ ಶಾಲೆಯೊಂದರ ವ್ಯಾನು ಬರುತ್ತದೆ. ಆ ಶಾಲೆಯವರು ದಿನವೂ ಮಕ್ಕಳ ಫೋಟೋಗಳನ್ನು ತಂದೆತಾಯಿಯ ಮೊಬೈಲಿಗೆ ಕಳಿಸುತ್ತಾರಂತೆ. ‘ನೀವೂ ಕಳಿಸಿ, ನಮ್ಮ ಮಕ್ಕಳು ಏನು ಮಾಡ್ತವೆ ಅಂತ ನಮಗೂ ಗೊತ್ತಾಗಲಿ’ ಎಂದು ನಮ್ಮ ಪೋಷಕರು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೆಳಕು ಹರಿಯುವ ಮುಂಚೆ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಬರುವವರಿಗೆ ಶಾಲೆ ಹೊರಗಿನಿಂದ ಕಾಣುವ ಒಂದು ಹಳದಿ ಗೋಡೆಯಷ್ಟೇ. ಹೆಡ್‌ಮಾಸ್ಟರು ಅದೇ ದಿನ ವಾಟ್ಸಾಪ್ ಗುಂಪು ಮಾಡಿ, ಫೋಟೋದ ಜವಾಬ್ದಾರಿ ನನಗೆ ವಹಿಸಿದರು. ಅವರ ಮೊಬೈಲಿನ ಕ್ಯಾಮೆರಾದಲ್ಲಿ ಎಲ್ಲವೂ ಮಂಜುಮಂಜಾಗಿ ಬರುತ್ತಿತ್ತು.

ಕೆಲಸ ಹೀಗಿತ್ತು. ಪ್ರಾರ್ಥನೆ ಮುಗಿದು ಮೊದಲ ಅವಧಿಗೆ ಮಕ್ಕಳು ಕೂತ ಕೂಡಲೇ ನಾನು ಬಾಗಿಲ ಬಳಿ ನಿಂತು ಫೋಟೋ ತೆಗೆಯಬೇಕು. ಮಕ್ಕಳಿಗೆ ಹಾಲು ಕೊಡುವ ಹೊತ್ತಿಗೆ ಅಡುಗೆ ಕೋಣೆಯ ಹಿಂದಿನ ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಲ್ಲಬೇಕು, ನೆಟ್‌ವರ್ಕ್ ಸಿಗುವುದು ಅಲ್ಲೊಂದೇ ಕಡೆ. ಅಲ್ಲಿ ಕೈ ಮೇಲೆತ್ತಿಕೊಂಡು ಒಂದೊಂದೇ ಫೋಟೋ ಹೋಗುವುದನ್ನು ಕಾಯಬೇಕು. ಒಳಗೆ ಯಾರೋ ಲೋಟ ಚೆಲ್ಲಿರುತ್ತಾರೆ, ಯಾರೋ ಅಳುತ್ತಿರುತ್ತಾರೆ. ಸಂಜೆ ಬಸ್ಸಿನಲ್ಲಿ ನೋಡಿದರೆ ಉತ್ತರಗಳು ಬಂದಿರುತ್ತವೆ. ನಮ್ಮ ಮಗ ಎಲ್ಲಿ? ನಮ್ಮ ಹುಡುಗಿ ಯಾಕೆ ತಲೆ ಬಗ್ಗಿಸಿದ್ದಾಳೆ? ಇವನ ಶೂ ಎಲ್ಲಿ ಹೋಯಿತು? ನಡುನಡುವೆ ಗುಲಾಬಿ ಹೂವಿನ ಶುಭೋದಯಗಳು. ಒಬ್ಬರಿಗೆ ಉತ್ತರ ಕೊಟ್ಟು ಇನ್ನೊಬ್ಬರಿಗೆ ಬಿಟ್ಟರೆ ಅದೂ ಒಂದು ದೂರು.

ನಮ್ಮ ಕೋಣೆಗೆ ಬೆಳಕು ಬರುವುದು ಬಾಗಿಲಿಂದ ಮತ್ತು ಎದುರಿನ ಕಿಟಕಿಯಿಂದ. ಬಾಗಿಲಲ್ಲಿ ನಿಂತು ತೆಗೆದರೆ ನನ್ನ ಪಕ್ಕದ ತಟ್ಟೆಯ ಮಕ್ಕಳ ಮುಖ ಲಕ್ಷಣವಾಗಿ ಬೀಳುತ್ತದೆ. ಕಿಟಕಿಯ ಕೆಳಗಿನವರು ಬೆಳಕಿಗೆ ಬೆನ್ನು ಹಾಕಿರುವುದರಿಂದ ಕಪ್ಪುಕಪ್ಪು ಆಕಾರಗಳಾಗಿ ಬರುತ್ತಾರೆ. ಇದು ಕ್ಯಾಮೆರಾದ ಗುಣ, ನನ್ನದಲ್ಲ. ಆದರೆ ಫೋಟೋ ನೋಡುವವರಿಗೆ ಅದು ಹೇಗೆ ಗೊತ್ತಾಗಬೇಕು?

ಹೀಗೆ ಪ್ರತಿ ಫೋಟೋದಲ್ಲೂ ಚೆನ್ನಾಗಿ ಬೀಳುತ್ತಿದ್ದವಳು ಎರಡನೇ ತರಗತಿಯ ಒಬ್ಬ ಹುಡುಗಿ. ಅವಳ ಅಪ್ಪ ಲಗೇಜ್ ಆಟೋ ಓಡಿಸುತ್ತಿದ್ದರು, ಸುಗ್ಗಿಯಲ್ಲಿ ಊರಿನ ಈರುಳ್ಳಿಯನ್ನು ಅಜ್ಜಂಪುರಕ್ಕೆ ಸಾಗಿಸುತ್ತಿದ್ದರು. ಮನೆಯಲ್ಲಿ ಅವರದು ದಖ್ಖನಿ ಉರ್ದು. ಮೀನಿನ ಚಿತ್ರ ತೋರಿಸಿದರೆ ಹುಡುಗಿ ಮೊದಲು ‘ಮಚ್ಛಿ’ ಎನ್ನುತ್ತಾಳೆ. ಆಮೇಲೆ ನಾನು ‘ಮೀನು’ ಎಂದು ಹೇಳಿಕೊಡಬೇಕು, ಅವಳು ಅದನ್ನು ಬಾಯಿಗೆ ಹಿಡಿಸಿಕೊಳ್ಳಬೇಕು, ಆಮೇಲಷ್ಟೇ ‘ಮೀ’ ಎಂಬ ಅಕ್ಷರ. ಬೇರೆ ಮಕ್ಕಳಿಗೆ ಒಂದು ಹೆಜ್ಜೆಯಾದರೆ ಅವಳಿಗೆ ಎರಡು. ಹಾಗಾಗಿ ನನ್ನ ಪಕ್ಕದ ತಟ್ಟೆಯಲ್ಲಿ ಅವಳು ಹೆಚ್ಚು ದಿನ ಇರುತ್ತಿದ್ದಳು. ಅವಳಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ನನ್ನ ಸೀರೆಯ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಹಾಯಾಗಿ ಕಲಿಯುತ್ತಿದ್ದಳು.

ಅವಳ ಅಪ್ಪ ಆ ಫೋಟೋಗಳನ್ನು ಬೇರೆಯೇ ರೀತಿ ಓದಿಕೊಂಡಿದ್ದರು. ಒಮ್ಮೆ ನಾನು ಬಸ್ಸಿಗೆ ಕಾಯುತ್ತಿದ್ದಾಗ ಆಟೋ ನಿಲ್ಲಿಸಿ ಮೊಬೈಲು ತೋರಿಸಿದರು. ತೆರೆದ ಕೂಡಲೇ ಕಾಣುವ ಹಾಗೆ ಮಗಳ ಫೋಟೋ ಇಟ್ಟುಕೊಂಡಿದ್ದರು, ಪಕ್ಕದಲ್ಲಿ ನಾನು ಕೂರುವ ಜಾಗವೂ ಅದರಲ್ಲಿತ್ತು.

“ನೋಡಿ ಮೇಡಂ, ಮಂಡೀಲಿ ಎಲ್ರಿಗೂ ತೋರುಸ್ತೀನಿ. ಅಷ್ಟು ಮಕ್ಳಲ್ಲಿ ನಮ್ ಹುಡ್ಗೀನೇ ಪಕ್ಕದಲ್ಲಿ ಕೂರುಸ್ಕಂಡಿದೀರ. ನಾನಂತೂ ಓದ್ಲಿಲ್ಲ, ಅವಳಾದ್ರೂ ಮುಂದೆ ಬರ್ತಾವ್ಳೆ.”

ಅದು ಹಾಗಲ್ಲ ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಬಸ್ಸು ಬಂತು. ಅವರೇ ಕೈ ಅಡ್ಡ ಹಿಡಿದು ನಿಲ್ಲಿಸಿ ಹತ್ತಿಸಿದರು.

ಊರಿನ ಇತರರೂ ಹಾಗೆಯೇ ತಿಳಿದಿದ್ದಾರೆಂದು ಪೋಷಕರ ಸಭೆಯಲ್ಲಿ ಗೊತ್ತಾಯಿತು. ಮೂರನೇ ತರಗತಿಯ ಹುಡುಗನೊಬ್ಬನ ತಾಯಿ ಎದ್ದು ನಿಂತರು. ಆಕೆ ಸಿಟ್ಟನ್ನು ಬಹಳ ದಿನದಿಂದ ಕಟ್ಟಿಟ್ಟುಕೊಂಡಂತಿತ್ತು.

“ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಮ್ ಹುಡ್ಗ ಒಂದ್ ಫೋಟೋದಾಗಾದ್ರೂ ನೆಟ್ಟಗೆ ಕಾಣ್ತಾನಾ? ಯಾವಾಗ್ಲೂ ಕಿಟಕಿ ತಾವ, ಕತ್ಲಲ್ಲಿ. ಕೆಲವ್ರ ಮಕ್ಳು ಮಾತ್ರ ಯಾವಾಗ್ಲೂ ಮೇಡಂ ಪಕ್ಕ. ಇದ್ಯಾವ ನ್ಯಾಯ?”

ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ಟರು ಉತ್ತರ ಕೊಟ್ಟರು. ಅವರು ಕೆಟ್ಟವರಲ್ಲ. ಶಾಲೆಯ ಮೇಲೆ ಪಕ್ಷಪಾತದ ಮಾತು ಬರಬಾರದೆಂಬ ಆತುರ ಅವರಿಗೆ.

“ಅಯ್ಯೋ, ನಿಮ್ ಹುಡ್ಗ ಚುರುಕು ಕಣಮ್ಮ, ಅದಕ್ಕೇ ದೂರ ಕೂರ್ತಾನೆ. ಮೇಡಂ ಪಕ್ಕ ಕೂರೋವು ಇನ್ನೂ ಬರ್ದೇ ಇರೋ ಮಕ್ಳು. ಹಿಂದುಳಿದಿರೋವು.”

ಆ ತಾಯಿಯ ಮುಖ ಅರಳಿತು. ಉಳಿದವರು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ಬಾಗಿಲ ಬಳಿ ಹುಡುಗಿಯ ಅಪ್ಪ ನಿಂತಿದ್ದರು, ಮಗಳು ಅವರ ಕೈ ಹಿಡಿದುಕೊಂಡಿದ್ದಳು. ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಮಗಳನ್ನು ಎತ್ತಿಕೊಂಡು ಹೊರಗೆ ಹೋದರು. ನಾನು ಎದ್ದು ತಟ್ಟೆಗಳೆಂದರೇನು, ಮಕ್ಕಳು ಹೇಗೆ ಸುತ್ತುತ್ತಾರೆ ಎಂದು ವಿವರಿಸತೊಡಗಿದೆ. ಆ ಹೊತ್ತಿಗೆ ಚಹಾ ಬಂತು, ಸಭೆ ಚಹಾದ ಕಡೆ ತಿರುಗಿತು. ಹೊರಗೆ ಆಟೋ ಸ್ಟಾರ್ಟ್ ಆದ ಸದ್ದು ಕೇಳಿಸಿತು.

ಸೋಮವಾರ ಹುಡುಗಿ ಬಂದಳು. ಸ್ಲೇಟು, ಕಾರ್ಡು ಎತ್ತಿಕೊಂಡು ನೇರವಾಗಿ ಕಿಟಕಿಯ ಕೆಳಗಿನ ತಟ್ಟೆಗೆ ಹೋಗಿ ಕೂತಳು. ಕರೆದೆ. ಬರಲ್ಲ ಎಂದು ತಲೆಯಾಡಿಸಿದಳು. ಅಭ್ಯಾಸದಂತೆ ಫೋಟೋಗೆಂದು ಮೊಬೈಲು ಎತ್ತಿದ್ದೇ ತಡ, ಮುಂದಿದ್ದ ಮಗುವಿನ ಬೆನ್ನ ಹಿಂದೆ ಮುಖ ಮುಚ್ಚಿಕೊಂಡಳು. ಅಲ್ಲಿ ಹೇಳಿಕೊಡುವವರು ಯಾರೂ ಇಲ್ಲ. ತನಗೆ ಬಾರದ ಕಾರ್ಡನ್ನು ಮುಖದ ಮುಂದೆ ಹಿಡಿದು, ಪಕ್ಕದವರು ಓದುವ ಹಾಗೆಯೇ ತುಟಿ ಅಲ್ಲಾಡಿಸುತ್ತಿದ್ದಳು. ಬಾರದಿದ್ದರೆ ಬರುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತಿದ್ದ ಮಗು ಅದು. ಈಗ ಬರುವವಳಂತೆ ನಟಿಸುವುದನ್ನು ಕಲಿತಿದ್ದಳು, ಅದನ್ನು ನಾವೇ ಕಲಿಸಿದ್ದೆವು.

ಕೈ ಹಿಡಿದು ಕರೆತಂದು ನನ್ನ ಪಕ್ಕ ಕೂರಿಸಿಕೊಂಡೆ. ಕೂತಳು, ಬಾಯಿ ಮಾತ್ರ ಬಿಡಲಿಲ್ಲ. ಚಿತ್ರ ತೋರಿಸಿದರೆ ಮನೆಯ ಮಾತೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ನಾನು ಇನ್ನೊಂದು ಮಗುವಿನ ಕಡೆ ತಿರುಗಿದ ಕೂಡಲೇ ಎದ್ದು ಕಿಟಕಿಯ ಕಡೆ ಹೋಗಿಬಿಟ್ಟಳು. ಮರುದಿನವೂ ಅದೇ ಆಯಿತು.

ತಪ್ಪು ತಿಳಿವಳಿಕೆ ಫೋಟೋದಿಂದ ಹುಟ್ಟಿದ್ದು, ಫೋಟೋದಿಂದಲೇ ಸರಿಮಾಡೋಣ ಎಂದುಕೊಂಡೆ. ಕಿಟಕಿಯ ಕಡೆಯಿಂದ ನಿಂತು ತೆಗೆದೆ. ಈಗ ದೂರದವರು ಬೆಳಗಿದರು, ಹತ್ತಿರದವರು ಕಪ್ಪಾದರು, ದೂರು ಹೇಳುವವರು ಬದಲಾದರು. ತಟ್ಟೆಗಳ ಬಗ್ಗೆ ಉದ್ದಕ್ಕೆ ಬರೆದು ಗುಂಪಿಗೆ ಹಾಕಿದೆ. ಉತ್ತರವಾಗಿ ಕೈಮುಗಿಯುವ ಚಿತ್ರಗಳು ಬಂದವು, ಒಬ್ಬರೂ ಓದಿದಂತಿರಲಿಲ್ಲ. ಮಕ್ಕಳು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗುವುದನ್ನು ವಿಡಿಯೋ ಮಾಡಿದೆ. ಟ್ಯಾಂಕಿನ ಬಳಿ ಎಷ್ಟು ಹೊತ್ತು ನಿಂತರೂ ಅದು ಹೋಗಲಿಲ್ಲ. ಮೊಬೈಲು ಬಿಸಿಯಾಗಿ ಆರಿಹೋಯಿತು. ಅಡುಗೆಯವರು ಒಳಗಿಂದ, “ಮೇಡಂ, ಮಕ್ಳು ಗಲಾಟೆ ಮಾಡ್ತಾವೆ, ಬನ್ರೀ” ಎಂದು ಕೂಗುತ್ತಿದ್ದರು.

ಈ ಪರದಾಟದ ನಡುವೆ ಬುಧವಾರ ಹುಡುಗಿಯ ಅಪ್ಪ ಬಂದರು. ಹೆಡ್‌ಮಾಸ್ಟರ ಕೋಣೆಯಲ್ಲಿ ನಿಂತೇ ಮಾತಾಡಿದರು.

“ಟಿಸಿ ಕೊಟ್ಬಿಡಿ ಸಾ. ತರೀಕೆರೇಲಿ ಅವ್ರಜ್ಜಿ ಮನೆ ಐತೆ. ಅಲ್ಲೇ ಬಿಟ್ಟು ಉರ್ದು ಶಾಲೆಗೆ ಸೇರುಸ್ತೀನಿ.”

“ಉರ್ದು ಶಾಲೆ ಒಳ್ಳೇದೇ,” ಎಂದೆ ನಾನು. “ಓದಿಸ್ಬೇಕು ಅಂತಿದ್ರೆ ಖುಷಿಯಿಂದ ಸೇರಿಸಿ. ಆದ್ರೆ ಅವಳು ಅಮ್ಮನ್ನ ಬಿಟ್ಟು ಇರ್ತಾಳಾ?”

“ಇರಲ್ಲ ಮೇಡಂ. ಅವ್ಳೂ ಅಳ್ತಾವ್ಳೆ, ಅವ್ರಮ್ಮಾನೂ ಅಳ್ತಾವ್ಳೆ. ಏನ್ ಮಾಡಾದು? ಊರೋರೆಲ್ಲ ನಗೋ ಹಂಗಾಯ್ತು. ಮಂಡೀಲಿ ನಿನ್ನೆ ಒಬ್ಬ ಕೇಳ್ದ, ಫೋಟೋ ತೋರ್ಸಪ್ಪಾ, ನಿನ್ ಮಗ್ಳು ಮೇಡಂ ಪಕ್ಕಾನೇ ಅವ್ಳಾ ಅಂತ. ನಾನು ತಡ್ಕಂತೀನಿ. ಮಗು ತಡ್ಕಣಲ್ಲ.”

ಹೆಡ್‌ಮಾಸ್ಟರು ತಲೆ ಬಗ್ಗಿಸಿಕೊಂಡು, ಶನಿವಾರ ಬನ್ನಿ, ಬರೆದಿಟ್ಟಿರುತ್ತೇನೆ ಎಂದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, “ನಾನು ಒಂದ್ ಹೇಳಕ್ಕೆ ಹೋಗಿ ಇನ್ನೊಂದಾಯ್ತು ಮೇಡಂ” ಎಂದರು. ನನಗೆ ಅವರ ಮೇಲೆ ಕೋಪ ಉಕ್ಕುತ್ತಿತ್ತು. ಆದರೆ ಅವರ ಮುಖ ನೋಡಿದರೆ ಅವರೂ ನನ್ನಷ್ಟೇ ಬಳಲಿದ್ದರು. ಬೈಯಲು ನನ್ನಲ್ಲೂ ತ್ರಾಣವಿರಲಿಲ್ಲ.

ಶುಕ್ರವಾರ ಸಂಜೆ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಕಂಬಿ ಹಿಡಿದು ನಿಂತಿದ್ದೆ. ಬೀರೂರು ದಾಟುವಾಗ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೇಳಿದ್ದರು: ಇವತ್ತಿನ ಫೋಟೋ ಯಾಕೆ ಬಂದಿಲ್ಲ? ಆ ಸಾಲನ್ನು ನೋಡುತ್ತ ನಿಂತಾಗ ಒಂದು ಮಾತು ಸ್ಪಷ್ಟವಾಯಿತು. ಓಡಾಡುವ ಮಕ್ಕಳನ್ನು ನಿಲ್ಲಿಸಿ ತೋರಿಸಿದರೆ ಇವರು ತಾನೇ ಏನು ತಿಳಿದುಕೊಳ್ಳಬೇಕು? ತೋರಿಸಬೇಕಾದ್ದು ಇಡೀ ಒಂದು ಅವಧಿ. ಅದನ್ನು ಕಳಿಸಲು ಆಗುವುದಿಲ್ಲ, ಅವರೇ ಬಂದು ಕೂತು ನೋಡಬೇಕು. ಇದರಿಂದ ನನ್ನ ಕೆಲಸ ಕಡಿಮೆಯಾದೀತೆಂಬ ಭ್ರಮೆಯೇನೂ ನನಗಿರಲಿಲ್ಲ. ಹಿರಿಯರು ಕೂತಿದ್ದಾಗ ಮಕ್ಕಳನ್ನು ಹಿಡಿಯುವುದು ಎಷ್ಟು ಕಷ್ಟವೆಂದು ಮೇಷ್ಟರುಗಳಿಗೆಲ್ಲ ಗೊತ್ತು. ಆದರೂ ಬಸ್ಸಿಳಿದು, ಕಡೂರು ನಿಲ್ದಾಣದ ಗದ್ದಲದಲ್ಲೇ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಗುಂಪಿಗೆ ಮಾತು ಕಳಿಸಿದೆ.

“ನಾಳೆಯಿಂದ ಕ್ಲಾಸಿನ ಫೋಟೋ ಕಳಿಸಲ್ಲ. ನಿಮ್ಮ ಮಕ್ಕಳು ಏನು ಮಾಡ್ತಾರೆ ಅಂತ ನೋಡ್ಬೇಕು ಅಂದ್ರೆ ಶನಿವಾರ ಬೆಳಿಗ್ಗೆ ಬಂದು ಅವರ ಜೊತೆ ಕೂತ್ಕೊಳ್ಳಿ. ಹೊಲಕ್ಕೆ ಹೋಗೋ ದಾರೀಲಾದ್ರೂ ಸರಿ, ಸ್ವಲ್ಪ ಹೊತ್ತಾದ್ರೂ ಸರಿ. ಮೊಬೈಲು ಮಾತ್ರ ತೆಗೀಬೇಡಿ.”

ಹೆಡ್‌ಮಾಸ್ಟರು ಕೂಡಲೇ ಫೋನ್ ಮಾಡಿದರು. “ಮೇಡಂ, ಮೇಲಿನೋರು ಫೋಟೋ ಕೇಳಿದ್ರೆ ನಾನೇನು ಹೇಳ್ಲಿ?”

“ಕ್ಲಾಸಿನ ಬಾಗಿಲು ತೆಗೆದಿದೆ, ಬಂದು ನೋಡಿ ಅಂತ ಹೇಳಿ ಸಾರ್.”

ಹುಡುಗಿಯ ಅಪ್ಪನಿಗೆ ಬೇರೆಯಾಗಿ ಫೋನ್ ಮಾಡಿ, ಟಿಸಿಗೆ ಬರುವಾಗ ಬೇಗ ಬನ್ನಿ, ಮಗಳನ್ನೂ ಕರೆತನ್ನಿ ಎಂದು ಮಾತ್ರ ಹೇಳಿದೆ. ಅವರು ಹ್ಞೂಂ ಎಂದರು.

ಶನಿವಾರ ಬೆಳಗಿನ ಶಾಲೆ. ಊರೆಲ್ಲ ಈರುಳ್ಳಿ ಹೊಲದಲ್ಲಿತ್ತು. ಮೊದಲು ಬಂದವರು ಒಬ್ಬ ಮುದುಕರು. ಮೊಮ್ಮಗನನ್ನು ನೋಡಲೆಂದು ಬಂದು, ಗೋಡೆಗೆ ಒರಗಿ, ಪ್ರಾರ್ಥನೆಯ ನಂತರ ನಿದ್ದೆ ಹೋದರು. ಬುತ್ತಿ ಹಿಡಿದ ಇಬ್ಬರು ಹೆಂಗಸರು ಹೊಲಕ್ಕೆ ಹೊತ್ತಾಗುತ್ತದೆಂದು ಬಾಗಿಲಲ್ಲೇ ಇಣುಕಿ ಹೋದರು. ಸಭೆಯಲ್ಲಿ ಜಗಳ ತೆಗೆದಿದ್ದ ತಾಯಿ ಬಂದು, ಮಗನನ್ನು ಹುಡುಕಿ, ಕಿಟಕಿಯ ಕೆಳಗೆ ಅವನ ಹಿಂದೆ ಠೀವಿಯಿಂದ ಕೂತರು. ಇಷ್ಟೇನಾ ಎನಿಸಿತು. ಇಷ್ಟಕ್ಕಾಗಿ ಹೆಡ್‌ಮಾಸ್ಟರನ್ನೂ ಮೇಲಿನವರನ್ನೂ ಎದುರು ಹಾಕಿಕೊಂಡೆನಾ ಎನಿಸಿತು.

ಕೊನೆಗೆ ಆಟೋ ಬಂದು ನಿಂತಿತು. ಹುಡುಗಿ ಓಡಿಹೋಗಿ ಕಿಟಕಿಯ ಕೆಳಗೆ ಸೇರಿಕೊಂಡಳು. ಅಪ್ಪ ಬಾಗಿಲಲ್ಲೇ ನಿಂತರು.

“ಒಳಗೆ ಬನ್ನಿ. ಹೆಡ್‌ಮಾಸ್ಟರು ಟಿಸಿ ಬರೀತಿದ್ದಾರೆ.”

“ಬ್ಯಾಡ ಮೇಡಂ, ಇಲ್ಲೇ ನಿಂತಿರ್ತೀನಿ.”

“ನೀವು ಅಲ್ಲಿ ನಿಂತ್ರೆ ನನ್ನ ಮಕ್ಕಳಿಗೆ ಬೆಳಕು ಬರಲ್ಲ. ಇಲ್ಲಿ ಕೂತ್ಕೊಳ್ಳಿ.”

ಸ್ವಲ್ಪ ಗದರಿಯೇ ಹೇಳಿದೆ. ಅವರು ಚಪ್ಪಲಿ ಬಿಟ್ಟು ಬಂದು, ಕಷ್ಟಪಟ್ಟು ಮಂಡಿ ಮಡಚಿ, ನಾನು ತೋರಿಸಿದ ಕಡೆ, ನನ್ನ ಪಕ್ಕದ ತಟ್ಟೆಯಲ್ಲಿ ಪುಟ್ಟ ಮಕ್ಕಳ ನಡುವೆ ಕೂತರು. ನಾನು ಪಾಠ ಶುರು ಮಾಡಿದೆ. ತೋರಿಸಲೆಂದು ಏನನ್ನೂ ಮಾಡಲಿಲ್ಲ, ಮಾಡುವ ಉತ್ಸಾಹವೂ ಇರಲಿಲ್ಲ. ಒಂದನೇ ತರಗತಿಯ ಮಗುವಿಗೆ ಅಕ್ಷರ ತಿದ್ದಿಸಿದೆ. ಇನ್ನೊಂದು ಮಗು ಕಾರ್ಡು ಓದಿ ಮುಗಿಸಿ ಎದ್ದು ಅದರಾಚೆಯ ತಟ್ಟೆಗೆ ಹೋಯಿತು. ಆ ತಟ್ಟೆಯಿಂದ ಇನ್ನೊಂದು ಎದ್ದು ಮುಂದಕ್ಕೆ ಹೋಯಿತು. ಅಪ್ಪನ ಕಣ್ಣು ಅವುಗಳ ಹಿಂದೆಯೇ ಹೋಗುತ್ತಿತ್ತು.

ಅಷ್ಟರಲ್ಲಿ ಕಿಟಕಿಯ ಕೆಳಗಿದ್ದ ಆ ಚುರುಕು ಹುಡುಗ ತನ್ನ ಕಾರ್ಡು ಮುಗಿಸಿದ. ಗೋಡೆಯ ಮೇಲಿನ ಪ್ರಗತಿ ಪಟ್ಟಿಯಲ್ಲಿ ಗುರುತು ಹಾಕಿ, ಹೊಸ ಕಾರ್ಡು ಎತ್ತಿಕೊಂಡು, ನೇರವಾಗಿ ಬಂದು ಹುಡುಗಿಯ ಅಪ್ಪನ ಪಕ್ಕ, ನನ್ನ ಮುಂದೆ ಕೂತ. ಅವನ ತಾಯಿ ಗಾಬರಿಯಾದರು.

“ಏನ್ಲಾ, ಯಾಕೋ ಅಲ್ಲಿಗ್ ಹೋದೆ?”

“ಹೊಸ ಕಾರ್ಡು ಕಣಮ್ಮ,” ಎಂದ ಅವನು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. “ಹೊಸದು ಬಂದ್ರೆ ಎಲ್ರೂ ಮಿಸ್ ಹತ್ರಾನೇ ಕೂರ್ಬೇಕು.”

ಕಾರ್ಡಿನಲ್ಲಿದ್ದುದು ಒತ್ತಕ್ಷರದ ಪದಗಳು. ಮೊದಲನೆಯದರಲ್ಲೇ ತಡವರಿಸಿದ. ಹೇಳಿಕೊಟ್ಟೆ. ಮತ್ತೆ ತಡವರಿಸಿದ. ನಿಧಾನವಾಗಿ ಬಿಡಿಸಿ ಹೇಳಿಕೊಟ್ಟೆ. ಅಪ್ಪ ಬಗ್ಗಿ ಹುಡುಗನ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು.

“ಇಲ್ಲಿ ಕೂರೋವು ದಡ್ಡ ಮಕ್ಳಲ್ವಾ ಮೇಡಂ?”

“ಅಲ್ಲ. ಹೊಸದು ಕಲಿಯೋ ಮಕ್ಕಳು.”

“ನಮ್ ಹುಡ್ಗಿ?”

“ನಿಮ್ಮ ಹುಡುಗಿ ಕನ್ನಡ ಓದೋದ್ರಲ್ಲಿ ನಿಧಾನ. ಸುಳ್ಳು ಹೇಳಲ್ಲ. ಮನೇಲಿ ಒಂದು ಮಾತು, ಇಲ್ಲಿ ಒಂದು ಮಾತು, ಅವಳಿಗೆ ಎರಡು ಪಟ್ಟು ಕೆಲಸ. ಆದ್ರೂ ಮಾಡ್ತಿದ್ಲು, ಮುಂದಕ್ಕೆ ಹೋಗ್ತಿದ್ಲು. ಈ ವಾರ ನಿಂತುಬಿಟ್ಟಿದ್ದಾಳೆ. ನನ್ನ ಹತ್ರ ಬರೋಕೇ ನಾಚಿಕೆ ಅವಳಿಗೆ.”

ಅವರು ಮಗಳ ಕಡೆ ತಿರುಗಿದರು. ಕೋಣೆಯ ಆ ತುದಿಯಲ್ಲಿ ಮಗಳು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದು ತುಟಿ ಅಲ್ಲಾಡಿಸುತ್ತಿದ್ದಳು. ಓದು ಬಾರದಿದ್ದರೂ ಅದು ಓದಲ್ಲ ಎಂದು ಅವರಿಗೆ ಗೊತ್ತಾಯಿತೆಂದು ಕಾಣುತ್ತದೆ. ಕೈಯಿಂದ ಕಣ್ಣೊರೆಸಿಕೊಂಡರು.

“ಆ ಬೇಟಿ, ಬಾರಮ್ಮ,” ಎಂದು ಕರೆದರು.

ಅವಳು ಬರಲಿಲ್ಲ. ಸುತ್ತಲಿದ್ದವರನ್ನು ನೋಡಿದಳು, ಜಗಳದ ತಾಯಿಯನ್ನು ನೋಡಿದಳು. ಆ ಹೆಂಗಸಿಗೆ ಏನನಿಸಿತೋ, “ಹೋಗವ್ವ, ನಮ್ಮೋನೂ ಅಲ್ಲೇ ಕುಂತವ್ನೆ” ಎಂದು ಬೆನ್ನು ತಟ್ಟಿದರು. ಆದರೂ ಹುಡುಗಿ ಏಳಲಿಲ್ಲ. ಆಗ ಅಪ್ಪ ಕೂತಲ್ಲೇ ಸರಿದು, ತಮ್ಮ ಮತ್ತು ನನ್ನ ನಡುವೆ ಜಾಗ ಬಿಟ್ಟು, ಆ ನೆಲದ ಮೇಲೆ ಅಂಗೈ ಇಟ್ಟರು. ನಾನೂ ಇಲ್ಲೇ ಕೂತಿದ್ದೇನೆ ನೋಡು, ನನಗೂ ಏನೂ ಬರುವುದಿಲ್ಲ ಎಂದು ಅವಳಿಗೆ ತಮ್ಮ ಮಾತಿನಲ್ಲಿ ಹೇಳಿದರು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು.

ಹುಡುಗಿ ಎದ್ದಳು. ಸ್ಲೇಟನ್ನು ಎದೆಗವಚಿಕೊಂಡು, ತಟ್ಟೆಗಳ ನಡುವೆ ದಾರಿ ಮಾಡಿಕೊಂಡು ಬಂದು ಆ ಜಾಗದಲ್ಲಿ ಕೂತಳು. ಕಾರ್ಡು ನೆಲದ ಮೇಲಿಟ್ಟು, ಮೊದಲ ಚಿತ್ರದ ಮೇಲೆ ಬೆರಳಿಟ್ಟು, ನನ್ನ ಮುಖ ನೋಡಿ, ಅದರ ಹೆಸರನ್ನು ಮನೆಯ ಮಾತಿನಲ್ಲಿ ಹೇಳಿದಳು. ನಾನು ಕನ್ನಡದ್ದು ಹೇಳಿದೆ. ಅವಳು ಹೇಳಿದಳು. ಅವಳ ಹಿಂದೆಯೇ ಅಪ್ಪನೂ ಮೆಲ್ಲಗೆ ಹೇಳಿದರು.

ಹೆಡ್‌ಮಾಸ್ಟರು ಟಿಸಿ ಪುಸ್ತಕ, ಪೆನ್ನು ಹಿಡಿದು ಬಾಗಿಲಿಗೆ ಬಂದರು. “ಬನ್ನಿ, ಬರೆದಿದೀನಿ. ಒಂದು ಸೈನ್ ಹಾಕ್ಬಿಟ್ರೆ ಮುಗೀತು.”

ಅಪ್ಪ ತಲೆಯೆತ್ತದೆ ಕೈಯನ್ನಷ್ಟೇ ಎತ್ತಿ ತಡೆದರು.

“ಈಗ ಬ್ಯಾಡ ಸಾ, ಹೋಗಿ. ಪಾಠ ನಡೀತಾ ಐತೆ.”